ಮಾಡದ ಸಾಲ

ಕಳೆದ ತಿಂಗಳು ಜುಮಾ ನಮಾಝಿನ ಬಳಿಕ ಒಬ್ಬ ವಿಧವೆ ತಮ್ಮ ಮಗಳ ಜೊತೆ ಮಸೀದಿಯ ಗೇಟಿನ ಬಳಿ ಕಾಯುತ್ತಿದ್ದರು. ಕೈಯಲ್ಲಿ ಹಣಕಾಸು ಸಂಸ್ಥೆಯೊಂದರ ನೋಟೀಸು. ಅವರ ಹೆಸರಿನಲ್ಲಿ 60,000 ರೂಪಾಯಿ ಸಾಲ! ಆ ಸಂಸ್ಥೆಯ ಬಾಗಿಲನ್ನೇ ಅವರು ಕಂಡವರಲ್ಲ. ವಿಧವಾ ವೇತನ ಮಾಡಿಸಿ ಕೊಡುತ್ತೇನೆಂದು ಅಕ್ಕನ ಮಗ ಆಧಾರ್ ಮತ್ತು ಪಾನ್ ಕಾರ್ಡಿನ ಪ್ರತಿಗಳನ್ನು ಒಯ್ದಿದ್ದ. ಮೊಬೈಲಿಗೆ ಬಂದ ಒಟಿಪಿಯನ್ನು ಕೇಳಿ ತಿಳಿದುಕೊಂಡಿದ್ದ. ವೇತನಕ್ಕಾಗಿ ತೆರೆದ ಹೊಸ ಖಾತೆಯ ಎಟಿಎಂ ಕಾರ್ಡ್ ಕೂಡ ಅವನಲ್ಲೇ ಇತ್ತು.

ಆ ತಾಯಿ ಕೇಳಿದ್ದು ಹಣದ ಕುರಿತಲ್ಲ. "ಉಸ್ತಾದರೇ, ನಾನು ಈ ಸಾಲ ಇಟ್ಟುಕೊಂಡೇ ಸತ್ತರೆ ನನ್ನ ಮಯ್ಯಿತ್ ನಮಾಝ್ ನಡೆಯುತ್ತದೆಯೇ?" ಆ ಭಯದಿಂದಲೇ ಅವರು ಬಳೆ ಮಾರಿ ಎರಡು ಕಂತು ಕಟ್ಟಿಬಿಟ್ಟಿದ್ದರು.

ಭಯ ಎಲ್ಲಿಂದ ಬಂತೆಂಬುದು ನಿಮಗೂ ಗೊತ್ತು. ಸಾಲಗಾರನೊಬ್ಬನ ಜನಾಝ ತಂದಾಗ ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ, ನೀವೇ ನಿರ್ವಹಿಸಿರೆಂದು ಸಹಾಬಿಗಳಿಗೆ ಹೇಳಿದರು. ಮೂರು ದೀನಾರ್‌ಗಳ ಆ ಸಾಲವನ್ನು ಅಬೂ ಖತಾದಾ(ರ) ವಹಿಸಿಕೊಂಡ ಮೇಲೆಯೇ ಮುಂದೆ ಬಂದು ನಿಂತರು. ಈ ಹದೀಸನ್ನು ನಾವು ಮಿಂಬರಿನಿಂದ ಎಷ್ಟು ಸಲ ಹೇಳಿದ್ದೇವೆ! ಆದರೆ ಅದು ಸಾಲ ಪಡೆದವನ ಕುರಿತಾದ ಮಾತು ಎಂಬುದನ್ನು ಅಷ್ಟೇ ಒತ್ತಿ ಹೇಳಲಿಲ್ಲವೇನೋ. ಈ ತಾಯಿಯನ್ನು ಕಂಡಾಗ ನನಗೆ ಹಾಗನ್ನಿಸಿತು.

ದಿವ್ಯ ಕುರ್‌ಆನಿನ ಅತಿ ದೀರ್ಘ ಸೂಕ್ತ ಸೂರಃ ಅಲ್ ಬಕರಃದ 282ನೆಯದು. ಅದು ನಮಾಝಿನ ಕುರಿತಲ್ಲ, ಉಪವಾಸದ ಕುರಿತಲ್ಲ. ಸಾಲದ ಪತ್ರದ ಕುರಿತು. ಪತ್ರದ ಒಕ್ಕಣೆಯನ್ನು ಯಾರು ಹೇಳಬೇಕು? ಹಣ ಕೊಡುವವನಲ್ಲ, ಬರೆಯುವವನೂ ಅಲ್ಲ. ಯಾರ ಮೇಲೆ ಹೊಣೆ ಬೀಳುವುದೋ ಅವನೇ ಹೇಳಬೇಕು. ಅವನು ದುರ್ಬಲನಾಗಿದ್ದರೆ, ಹೇಳಲು ಅಶಕ್ತನಾಗಿದ್ದರೆ ಅವನ ಪೋಷಕನು ನ್ಯಾಯೋಚಿತವಾಗಿ ಹೇಳಬೇಕು. ಸಾಲಗಾರನ ಬಾಯಿಂದ ಬಾರದ ಸಾಲವನ್ನು ಅವನ ತಲೆಗೆ ಕಟ್ಟಬಾರದೆಂದೇ ಅಲ್ಲವೇ ಇಷ್ಟು ಎಚ್ಚರ? ಓದು ಬಾರದ ಚಿಕ್ಕಮ್ಮನ ಪಾಲಿಗೆ ಆ ಹುಡುಗ ಪೋಷಕನ ಸ್ಥಾನದಲ್ಲಿ ಕುಳಿತಿದ್ದ. ಕುಳಿತು, ತನಗೆ ಬೇಕಾದುದನ್ನು ಆಕೆಯ ಹೆಸರಿನಲ್ಲಿ ಬರೆಸಿಕೊಂಡ. ಸಾಲಗಾರ ಅವನು. ಮೇಲಾಗಿ ಅವನು ಅಮಾನತ್ ಮುರಿದವನು.

"ತಾಯೀ, ಅಲ್ಲಾಹನ ಬಳಿ ಇದು ನಿಮ್ಮ ಸಾಲವಲ್ಲ" ಎಂದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಗೊತ್ತಿದ್ದೂ ಇನ್ನೊಬ್ಬನಿಗಾಗಿ ತನ್ನ ಹೆಸರಲ್ಲಿ ಸಾಲ ತೆಗೆದುಕೊಟ್ಟವರು, ಜಾಮೀನು ಸಹಿ ಹಾಕಿದವರು ಹೊಣೆಗಾರರೇ. ಸ್ವಸಹಾಯ ಸಂಘಗಳಲ್ಲಿ ಇಂತಹ ದಾಕ್ಷಿಣ್ಯದ ಸಾಲಗಳು ಬಹಳ. ಅವರಿಗೆ ಈ ಮಾತು ಅನ್ವಯಿಸದು.

ಮಗಳಿಗೆ ಹೇಳಿದ್ದು ಬೇರೆ. ಕಂತು ಕಟ್ಟುತ್ತಾ ಹೋದಷ್ಟೂ ಸಾಲವನ್ನು ಒಪ್ಪಿಕೊಂಡಂತೆ ಕಾಣುತ್ತದೆ. ಆದ್ದರಿಂದ ಈ ಸಾಲ ನಮ್ಮದಲ್ಲವೆಂದು ಸಂಸ್ಥೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಠಾಣೆಯಲ್ಲಿ ದೂರು ಕೊಡಬೇಕು. ಆನ್‌ಲೈನ್ ವಂಚನೆಯಾದರೆ 1930ಕ್ಕೆ ತಡಮಾಡದೆ ಕರೆ ಮಾಡಬಹುದು. ಸಿಬಿಲ್‌ನಂತಹ ಸಂಸ್ಥೆಗಳು ವರ್ಷಕ್ಕೊಮ್ಮೆ ನಮ್ಮ ಸಾಲದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ; ಅದನ್ನು ತರಿಸಿ, ತಪ್ಪಿದ್ದರೆ ಅಲ್ಲೂ ಆಕ್ಷೇಪ ಸಲ್ಲಿಸಬೇಕು. ಇನ್ನೊಬ್ಬರ ಗುರುತನ್ನು ಹೀಗೆ ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾನೂನಿನ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿದೆ.

ಪೊಲೀಸ್ ಎಂದೊಡನೆ ಕುಟುಂಬ ಎದ್ದು ನಿಂತಿತು. ನಮ್ಮ ಹುಡುಗ, ಮದುವೆಯ ಪ್ರಾಯ, ಮರ್ಯಾದೆಯ ಪ್ರಶ್ನೆ, ಸ್ವಲ್ಪ ಸಬ್ರ್ ಮಾಡಿ. ಈ ಸಬ್ರ್ ಯಾವಾಗಲೂ ಅನ್ಯಾಯಕ್ಕೊಳಗಾದವರ ಪಾಲಿಗೇ ಏಕೆ ಬರುತ್ತದೋ! ಮದೀನಾದಲ್ಲಿ ಬನೂ ಉಬೈರಿಕ್ ಮನೆತನದವನೊಬ್ಬ ಕವಚ ಕದ್ದು, ಆರೋಪವನ್ನು ಒಬ್ಬ ನಿರಪರಾಧಿ ಯಹೂದಿಯ ಮೇಲೆ ಹೊರಿಸಿದ. ಮನೆತನದವರು ತಮ್ಮವನ ಪರ ವಾದಕ್ಕೆ ನಿಂತರು. ಆಗ ಅನ್ನಿಸಾ ಅಧ್ಯಾಯದ 105ರಿಂದ ಮುಂದಿನ ಸೂಕ್ತಗಳು ಅವತೀರ್ಣಗೊಂಡವೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ವಂಚಕರ ಪರ ವಾದಿಸಬೇಡಿರೆಂದು ಅಲ್ಲಿ ಆಜ್ಞೆಯಿದೆ. ತನ್ನ ಪಾಪವನ್ನು ನಿರಪರಾಧಿಯ ಮೇಲೆ ಹೊರಿಸಿದವನು ಎಂತಹ ಹೊರೆ ಹೊತ್ತನೆಂಬುದೂ ಅಲ್ಲೇ ಇದೆ. ತಪ್ಪಿತಸ್ಥ ಮುಸ್ಲಿಮರ ಪೈಕಿಯವನು, ನಿರಪರಾಧಿ ಯಹೂದಿ. ಆದರೂ ಕುರ್‌ಆನ್ ನಿಂತದ್ದು ನಿರಪರಾಧಿಯ ಪಕ್ಷದಲ್ಲಿ.

ಹುಡುಗನ ಮೇಲೆ ಪ್ರೀತಿಯಿದ್ದರೆ ಅವನ ಕೈ ಹಿಡಿದು ತಡೆಯಲಿ. ಅಕ್ರಮಿಯಾದ ಸಹೋದರನಿಗೆ ಮಾಡುವ ಸಹಾಯ ಅದೇ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಚಿಕ್ಕಮ್ಮ ಕ್ಷಮಿಸುವುದಾದರೆ ಅದು ಅವರ ಹಕ್ಕು. ಅವರ ಪರವಾಗಿ ಉಳಿದವರು ಕ್ಷಮಿಸಲಾಗದು. ಅವನ ಬಳಿಯೂ ಒಮ್ಮೆ ಕುಳಿತೆ. "ಪೇಪರ್ ಎಲ್ಲಾ ಸರಿಯಿದೆ ಉಸ್ತಾದರೇ, ನನ್ನ ಹೆಸರು ಎಲ್ಲೂ ಇಲ್ಲ" ಎಂದ. ವಾದಚಾತುರ್ಯದಿಂದ ತೀರ್ಪು ಗೆದ್ದು ಸಹೋದರನ ಹಕ್ಕನ್ನು ಪಡೆದವನಿಗೆ ತಾನು ಕೊಟ್ಟದ್ದು ನರಕದ ಒಂದು ತುಂಡು ಎಂದು ಸ್ವತಃ ಪ್ರವಾದಿಯವರೇ(ಸ) ಎಚ್ಚರಿಸಿದ್ದನ್ನು ಅವನಿಗೆ ಹೇಳಿದೆ. ಅವನು ತಲೆಯೆತ್ತಲಿಲ್ಲ.

ಮರುವಾರ ಜಮಾಅತಿನ ಇಬ್ಬರು ಹಿರಿಯರು ತಾಯಿ ಮಗಳೊಂದಿಗೆ ಠಾಣೆಗೂ ಸಂಸ್ಥೆಗೂ ಹೋಗಿ ಬಂದರು. ಉತ್ತರ ಇನ್ನೂ ಬಂದಿಲ್ಲ. ಮೂರನೆಯ ಕಂತನ್ನು ಆ ತಾಯಿ ಕಟ್ಟಲಿಲ್ಲ.