ಚೀಟಿಯ ಮಾತು ಪ್ರಮಾಣವೇ?

ಭಾದ್ರಪದ ಹತ್ತಿರವಾದರೆ ಗಾಂಧಿ ಬಜಾರಿನಲ್ಲಿ ಎಲ್ಲಿ ನೋಡಿದರೂ ‘ಪರಿಸರಸ್ನೇಹಿ ಗಣಪತಿ’ ಎಂಬ ಚೀಟಿ. ಹೋದ ಸಲ ನಾವು ತಂದ ಮೂರ್ತಿಯ ಬೆನ್ನಿಗೂ ಆ ಚೀಟಿ ಅಂಟಿತ್ತು. ಹಿತ್ತಲಲ್ಲಿ ಬಕೆಟ್ ನೀರಿಗೆ ಬಿಟ್ಟೆವು. ಹಸಿಮಣ್ಣಾಗಿದ್ದರೆ ಬೆಳಗಾಗುವುದರೊಳಗೆ ಕೆಸರಾಗಿ ತಳ ಸೇರಬೇಕು. ಬೆಳಿಗ್ಗೆ ನೋಡಿದರೆ ಮೇಲಿನ ಮಣ್ಣುಬಣ್ಣ ಮಾತ್ರ ಬಿಟ್ಟುಕೊಂಡು ಒಳಗಿನ ಬಿಳಿ ಮೈ ಹಾಗೇ ಕೂತಿತ್ತು. ಸೊಂಡಿಲನ್ನು ಉಗುರಲ್ಲಿ ಕೆರೆದರೆ ಸುಣ್ಣದಂಥ ಪುಡಿ. ಕರ್ನಾಟಕದಲ್ಲಿ ನಿಷೇಧವಿರುವ ಪ್ಲಾಸ್ಟರ್ ಆಫ್ ಪ್ಯಾರಿಸ್!

ದುಡ್ಡು ಹೋದದ್ದು ನನ್ನನ್ನು ಕಾಡಲಿಲ್ಲ. ಮಣ್ಣಿನಲ್ಲಿ ಆವಾಹನೆ ಮಾಡಿ, ಪೂಜಿಸಿ, ಮಣ್ಣಿಗೇ ಕಳಿಸಿಕೊಡುವುದು ಈ ವ್ರತದ ಕ್ರಮ. ಮೂರ್ತಿ ಕರಗದಿದ್ದರೆ ವಿಸರ್ಜನೆ ಮುಗಿದಂತಾಯಿತೇ? ಇನ್ನೊಬ್ಬರ ಸುಳ್ಳಿನಿಂದ ಪೂಜೆ ಕೆಟ್ಟರೆ ದೋಷ ಯಾರದು?

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನ್ಯಾಯದರ್ಶನದ ನೈಯಾಯಿಕರು ನಾಲ್ಕು ಪ್ರಮಾಣಗಳನ್ನು, ಅಂದರೆ ತಿಳಿವಿನ ದಾರಿಗಳನ್ನು, ಹೇಳುತ್ತಾರೆ. ಶಬ್ದವೆಂದರೆ ಮಾತು: ಕಣ್ಣಿಗೆ ಕಾಣದ್ದನ್ನು ಬಲ್ಲವರ ಮಾತಿನಿಂದ ತಿಳಿಯಬಹುದು. ಆದರೆ ಆಡಿದವನು ಆಪ್ತನಾಗಿರಬೇಕು, ಅಂದರೆ ವಿಷಯ ಬಲ್ಲವನು, ಬಲ್ಲದ್ದನ್ನು ಇದ್ದಹಾಗೆ ಹೇಳುವವನು. ಅಂಗಡಿ ಮುಂದೆ ನಿಂತವಳಿಗೆ ಮೂರ್ತಿಯ ಒಡಲು ಕಾಣದು. ಅವಳ ಪಾಲಿಗೆ ಇರುವುದು ಚೀಟಿಯ ಮಾತೊಂದೇ, ಅದನ್ನು ಆಡಿದವರು ಯಾರೆಂದೇ ಗೊತ್ತಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್ 15ರಂದು ಹೊರಡಿಸಿದ ಮಾರ್ಗಸೂಚಿ ಓದಿದಾಗ ನನಗೆ ಈ ನ್ಯಾಯಶಾಸ್ತ್ರವೇ ನೆನಪಾಯಿತು. ‘ಹಸಿರು’, ‘ಪರಿಸರಸ್ನೇಹಿ’ ಎಂದು ಬರಿದೇ ಹೇಳಿಕೊಳ್ಳುವಂತಿಲ್ಲ. ಹೇಗೆ ಎಂದು ವಿವರಿಸಬೇಕು, ಆಧಾರ ಕೊಡಬೇಕು. ‘ವಿಷರಹಿತ’ ಎಂದರೆ ಪ್ರಮಾಣಪತ್ರವೋ ವೈಜ್ಞಾನಿಕ ಪುರಾವೆಯೋ ಇರಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ.

ದೇವರ ವಿಷಯಕ್ಕೆ ಕಾನೂನು ಯಾಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ನಾನು ಕೆರೆ ಕೆಡಿಸಲಿಲ್ಲ’ ಎಂಬ ನೆಮ್ಮದಿಯನ್ನೇ ಆ ಚೀಟಿ ಮಾರುತ್ತದೆ. ಭಕ್ತಿಯಿಂದ ಬಂದವರ ಮನಸ್ಸಾಕ್ಷಿಗೆ ಮಾಡುವ ಮೋಸ ತೂಕದಲ್ಲಿ ಮಾಡುವ ಮೋಸಕ್ಕಿಂತ ದೊಡ್ಡದು. (ಫುಟ್‌ಪಾತಿನಲ್ಲಿ ಕೂತು ಮಾರುವ ಹೆಂಗಸನ್ನು ಬೈದು ಫಲವಿಲ್ಲ, ಅವಳಿಗೂ ಯಾರೋ ಹಾಗೇ ಹೇಳಿ ಕೊಟ್ಟಿರುತ್ತಾರೆ.) ತಿಳಿಯದೆ ಕೊಂಡವಳಿಗೆ ದೋಷವಿಲ್ಲ ಎಂದೇ ನನ್ನ ನಂಬಿಕೆ. ತಿಳಿದ ಮೇಲೂ ಸುಮ್ಮನಿದ್ದರೆ ಅದರಲ್ಲಿ ನಮ್ಮ ಪಾಲೂ ಸೇರುತ್ತದೆ.

ಈ ಸಲ ಕೊಳ್ಳುವಾಗ ಕೇಳಿ: ಎಲ್ಲಿಯ ಮಣ್ಣು, ಯಾರು ಮಾಡಿದ್ದು, ಬಣ್ಣ ಯಾವುದು? ರಸೀದಿ ಪಡೆಯಿರಿ, ಚೀಟಿಯ ಫೋಟೋ ಇಟ್ಟುಕೊಳ್ಳಿ. ಮಾತು ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.