ಕಾದಂಬರಿಗಿಂತ ಸಿನಿಮಾ ಮೇಲು ಎನ್ನಬಹುದೆ?

ಕಾದಂಬರಿಯನ್ನು ಸಿನಿಮಾ ಮಾಡಿದರೆ ಕೆಡುತ್ತದೆ ಎಂಬ ಮಾತು ನಮ್ಮ ಸಾಹಿತ್ಯವಲಯದಲ್ಲಿ ತಕರಾರಿಲ್ಲದೆ ಓಡಾಡುತ್ತದೆ. ಹಾಗೆಂದವರು ಓದಿಕೊಂಡವರೆಂದು ಕೂಡಲೇ ಸಾಬೀತಾಗುವುದರಿಂದ ಹೇಳುವುದಕ್ಕೆ ಎಲ್ಲರಿಗೂ ಹುಮ್ಮಸ್ಸು. ಪುಸ್ತಕ ಮುಟ್ಟದೆಯೇ ಹೇಳುವವರೂ ಇದ್ದಾರೆ ಬಿಡಿ. ಆದರೆ ಮಾರಿಯೊ ಪೂಜೋನ 'ದಿ ಗಾಡ್‌ಫಾದರ್' ಕಾದಂಬರಿಯನ್ನು (1969) ಕೊನೆಯ ಪುಟದವರೆಗೂ ಓದಿ, ಆಮೇಲೆ ಫ್ರಾನ್ಸಿಸ್ ಫೋರ್ಡ್ ಕೊಪೊಲಾ 1972ರಲ್ಲಿ ತೆಗೆದ ಸಿನಿಮಾ ನೋಡಿದವರಿಗೆ ಈ ಮಾತು ಸುಲಭವಾಗಿ ಬಾಯಿಗೆ ಬರಲಾರದು.

ಪೂಜೋ ಸಾಲದಲ್ಲಿ ಮುಳುಗಿದ್ದಾಗ ದುಡ್ಡಿಗೆಂದೇ ಬರೆದ ಪುಸ್ತಕ ಅದು. ಅವನು ಅದನ್ನು ಮುಚ್ಚಿಟ್ಟವನೂ ಅಲ್ಲ. ಪುಟ ತಿರುಗಿಸುವ ಚಪಲ ಹುಟ್ಟಿಸುವುದರಲ್ಲಿ ಪುಸ್ತಕಕ್ಕೆ ಎದುರಿಲ್ಲ. ಜೊತೆಗೆ, ಲೂಸಿ ಮ್ಯಾನ್ಚಿನಿ ಎಂಬ ಹೆಣ್ಣಿನ ದೇಹದ ಸಮಸ್ಯೆ, ಲಾಸ್ ವೇಗಸ್‌ನ ವೈದ್ಯ, ಆಪರೇಷನ್ ಎಂದು ಪುಟಗಟ್ಟಲೆ ಎಲ್ಲಿಗೋ ಹೋಗುತ್ತದೆ. ಗಾಯಕ ಜಾನಿ ಫಾಂಟೇನ್‌ನ ಹಾಲಿವುಡ್ ಗೋಳೂ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಕೊಪೊಲಾ ಮೊದಲು ಇದನ್ನು ಅಗ್ಗದ ಪುಸ್ತಕವೆಂದು ಬದಿಗಿಟ್ಟಿದ್ದ. ಆಮೇಲೆ ಮಾಡಿದ್ದು ಮಾತ್ರ ಕುತೂಹಲದ ಕೆಲಸ. ಕಾದಂಬರಿಯ ಹಾಳೆಗಳನ್ನು ಬಿಡಿಸಿ, ದೊಡ್ಡ ಹಾಳೆಗಳ ನಡುವೆ ಚೌಕ ಕತ್ತರಿಸಿ, ಎರಡು ಬದಿಯೂ ಓದಲು ಬರುವಂತೆ ಒಂದೊಂದನ್ನೂ ಅಂಟಿಸಿದ. ಸುತ್ತಲಿನ ಅಗಲವಾದ ಅಂಚಿನಲ್ಲಿ ಟಿಪ್ಪಣಿ ಬರೆದ. ಈ ದೃಶ್ಯದ ತಿರುಳೇನು, ಎಲ್ಲಿ ಎಡವುವ ಅಪಾಯವಿದೆ ಎಂದು ದೃಶ್ಯ ದೃಶ್ಯಕ್ಕೂ ಟೈಪ್ ಮಾಡಿ ಸೇರಿಸಿದ. ಆ ನೋಟ್‌ಬುಕ್ಕು 2016ರಲ್ಲಿ ಅಚ್ಚಾಗಿದೆ. ಒಂದು ಸಾಧಾರಣ ಪುಸ್ತಕವನ್ನು ಯಾರೂ ಅದಕ್ಕಿಂತ ಗಂಭೀರವಾಗಿ ಓದಿರಲಾರರು.

ಎರಡರ ಕೊನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾದಂಬರಿಯಲ್ಲಿ ಕಥಾನಾಯಕ ಮೈಕೆಲ್‌ನ ಹೆಂಡತಿ ಕೇ ಗಂಡನ ನಿಜ ತಿಳಿದು ಮನೆ ಬಿಟ್ಟು ಹೋಗುತ್ತಾಳೆ. ವಕೀಲ ಟಾಮ್ ಹೇಗನ್ ಹೋಗಿ ಇದೆಲ್ಲ ಏಕಾಯಿತು ಎಂದು ತಿಳಿಹೇಳುತ್ತಾನೆ. ಅವಳು ಮರಳಿ ಬಂದು, ಕ್ಯಾಥೊಲಿಕ್ ಆಗಿ, ಗಂಡನ ಆತ್ಮಕ್ಕಾಗಿ ಚರ್ಚಿನಲ್ಲಿ ಪ್ರಾರ್ಥಿಸುತ್ತಾಳೆ. ಎಲ್ಲಕ್ಕೂ ವಿವರಣೆ ಸಿಕ್ಕಿತು, ಓದುಗ ನೆಮ್ಮದಿಯಾಗಿ ಪುಸ್ತಕ ಮುಚ್ಚಬಹುದು. ಸಿನಿಮಾದಲ್ಲಿ ಇಷ್ಟೂ ಇಲ್ಲ. ಕೇ ಹೊರಗಿನ ಕೋಣೆಯಲ್ಲಿ ನಿಂತು ನೋಡುತ್ತಾಳೆ, ಒಳಗೆ ಗಂಡನ ಕೈಗೆ ಮುತ್ತಿಟ್ಟು ಅವನನ್ನು ಡಾನ್ ಎಂದು ಕರೆಯುತ್ತಾರೆ, ಅವಳ ಮುಖದೆದುರೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಪೂಜೋ ಸಮಾಧಾನ ಹೇಳಿದ ಜಾಗದಲ್ಲಿ ಕೊಪೊಲಾ ಬಾಯಿ ಮುಚ್ಚಿಕೊಂಡ. ಜ್ಞಾನಸ್ನಾನದ ಪ್ರಸಂಗವೂ ಹಾಗೆಯೇ. ಮೈಕೆಲ್ ತಂಗಿಯ ಮಗುವಿಗೆ ಗಾಡ್‌ಫಾದರ್ ಆಗುವುದು, ಶತ್ರುಗಳ ಕೊಲೆಗಳು, ಎರಡೂ ಪುಸ್ತಕದಲ್ಲಿ ಇವೆ. ಆದರೆ ಬೇರೆಬೇರೆ ಇವೆ. ಪಾದ್ರಿ ಸೈತಾನನನ್ನು ತೊರೆಯುತ್ತೀಯಾ ಎಂದು ಕೇಳುವುದು, ಮೈಕೆಲ್ ತೊರೆಯುತ್ತೇನೆ ಎನ್ನುವುದು, ನಡುನಡುವೆ ಗುಂಡು ಹಾರುವುದು, ಎಲ್ಲದರ ಮೇಲೂ ಆರ್ಗನ್ ನಾದ ಹರಿಯುವುದು, ಇದು ಸಿನಿಮಾ ಕಂಡುಕೊಂಡ ಸತ್ಯ. ಪುಸ್ತಕದ ಹೊಟ್ಟೆಯಲ್ಲೇ ಇದ್ದ ಸತ್ಯ, ಬರೆದವನ ಕಣ್ಣಿಗೆ ಬಿದ್ದಿರಲಿಲ್ಲ.

ಆದ್ದರಿಂದ ಮೀರುವುದು ಸಾಧ್ಯ. ಎರಡೂ ಬೇರೆ ಮಾಧ್ಯಮ, ಹೋಲಿಸುವುದೇ ತಪ್ಪು ಎಂಬ ಪಂಡಿತರ ವಾದವೊಂದಿದೆ. ಅಮೆರಿಕದ ಜಾರ್ಜ್ ಬ್ಲೂಸ್ಟೋನ್ 1957ರಷ್ಟು ಹಿಂದೆಯೇ ಈ ದಾರಿಯಲ್ಲಿ ಒಂದು ಪುಸ್ತಕ ಬರೆದಿದ್ದಾನೆ. ವಾದದಲ್ಲಿ ಹುರುಳಿದೆ, ಆದರೆ ಅದರಲ್ಲಿ ಜಗಳ ತಪ್ಪಿಸಿಕೊಳ್ಳುವ ಉಪಾಯವೂ ಇದೆ. ಮಾಧ್ಯಮ ಬೇರೆಯಾದರೂ ಎರಡೂ ಒಂದೇ ಮನುಷ್ಯನ, ಒಂದೇ ಪತನದ ಕತೆ ಹೇಳುತ್ತಿವೆ. ಅಧಿಕಾರ ಒಬ್ಬ ಒಳ್ಳೆಯ ಮಗನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಯಾರು ಹೆಚ್ಚು ಆಳಕ್ಕೆ ಒಯ್ದರು ಎಂದು ಕೇಳುವ ಹಕ್ಕು ನಮಗಿದೆ.

ಹಾಗೆ ನೋಡಿದರೆ ನಾವು ಇಷ್ಟು ಮುಜುಗರಪಡಲು ಕಾರಣವೇ ಇಲ್ಲ. ಕನ್ನಡದ ಓದುಗ ಸಾವಿರ ವರ್ಷಗಳಿಂದ ರೂಪಾಂತರಗಳನ್ನೇ ಓದಿಕೊಂಡು ಬಂದವನು. ಪಂಪ ವ್ಯಾಸರ ಭಾರತವನ್ನು ಎತ್ತಿಕೊಂಡು ಅರ್ಜುನನನ್ನು ನಾಯಕನನ್ನಾಗಿಸಿ, ಅವನಲ್ಲಿ ತನ್ನ ಅರಸ ಅರಿಕೇಸರಿಯನ್ನು ಕಂಡ. ಮೂಲಕ್ಕೆ ನಿಷ್ಠೆಯಿಲ್ಲವೆಂದು ಅವನಿಗೆ ಯಾರೂ ನೋಟಿಸು ಕೊಡಲಿಲ್ಲ. ರನ್ನ ಇನ್ನೂ ಮುಂದೆ ಹೋದ. ಪಂಪಭಾರತದ ಕೊನೆಯ ಭಾಗದ ಒಂದು ಪ್ರಸಂಗ, ಭೀಮ ದುರ್ಯೋಧನರ ಗದಾಯುದ್ಧ, ಅಷ್ಟನ್ನೇ ಹಿಡಿದು, ಅಲ್ಲಿಂದ ಹಿಂತಿರುಗಿ ನೋಡುತ್ತ ಇಡೀ ಭಾರತವನ್ನು ಹೇಳಿಬಿಟ್ಟ. ಸಿಂಹಾವಲೋಕನ ಎಂದು ನಾವು ಪಾಠ ಹೇಳಿಸಿಕೊಂಡದ್ದು ಇದನ್ನೇ. ಕೊಪೊಲಾ ಮಾಡಿದ ಕೆಲಸವೂ ಬಹುಮಟ್ಟಿಗೆ ಈ ಜಾತಿಯದು: ಬಿಡುವುದು, ಒಂದೆಡೆ ನಿಲ್ಲುವುದು, ಅಲ್ಲಿಂದ ಎಲ್ಲವನ್ನೂ ನೋಡುವುದು. ರನ್ನನ ಕಾವ್ಯದಲ್ಲಿ ನಾಟಕ ಎಷ್ಟು ತುಂಬಿದೆಯೆಂದರೆ ಬಿ.ಎಂ. ಶ್ರೀಯವರು ಅದರ ಪದ್ಯಗಳನ್ನೇ ಜೋಡಿಸಿ 'ಗದಾಯುದ್ಧ ನಾಟಕಂ' ಮಾಡಿದರು. ಒಂದೇ ವಸ್ತು ಮೂರು ಸಲ ಮನೆ ಬದಲಿಸಿತು, ಯಾರ ಮನೆಯೂ ಹಾಳಾಗಲಿಲ್ಲ. ಮೂಲವೆಂದರೆ ಪವಿತ್ರ, ರೂಪಾಂತರವೆಂದರೆ ನಕಲು ಎಂಬ ಲೆಕ್ಕ ಅಚ್ಚುಯಂತ್ರ, ಕಾಪಿರೈಟ್‌ಗಳ ಕಾಲದ್ದು. ಲೇಖಕನ ಹೊಟ್ಟೆಪಾಡಿನ ದೃಷ್ಟಿಯಿಂದ ಅದು ಅಗತ್ಯವೇ. ವಿಮರ್ಶೆಯ ಅಳತೆಗೋಲಾಗುವ ಯೋಗ್ಯತೆ ಅದಕ್ಕಿಲ್ಲ.

ಹಾಗಾದರೆ ಯಾವ ಪುಸ್ತಕವನ್ನು ಸಿನಿಮಾ ಮೀರಬಲ್ಲದು? ಕೆಟ್ಟ ಪುಸ್ತಕದಿಂದಲೇ ಒಳ್ಳೆಯ ಸಿನಿಮಾ ಹುಟ್ಟುತ್ತದೆ ಎಂಬ ಹಳೆಯ ಚಟಾಕಿ ಪೂರ್ತಿ ನಿಜವಲ್ಲ. ಕೆಟ್ಟ ಪುಸ್ತಕದಿಂದ ಕೆಟ್ಟ ಸಿನಿಮಾ ಹುಟ್ಟಿದ ಉದಾಹರಣೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಎಣಿಕೆ ಇಷ್ಟೆ: ಪುಸ್ತಕದ ಜೀವ ಅದರ ಸನ್ನಿವೇಶದಲ್ಲಿದ್ದರೆ ಸಿನಿಮಾ ಅದನ್ನು ಪೂರ್ತಿ ಕೊಂಡೊಯ್ದು, ಮೇಲೆ ತನ್ನದನ್ನೂ ಸೇರಿಸಬಲ್ಲದು. ಜೀವ ವಾಕ್ಯದಲ್ಲಿದ್ದರೆ ಬರಿಗೈಯಲ್ಲಿ ಬರಬೇಕಾಗುತ್ತದೆ. ಹಿಚ್‌ಕಾಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ದಸ್ತಯೆವ್‌ಸ್ಕಿಯ ಕಡೆ ಅವನು ತಲೆಹಾಕಲಿಲ್ಲ, ರಾಬರ್ಟ್ ಬ್ಲಾಕ್‌ನ 'ಸೈಕೋ'ವನ್ನು ಎತ್ತಿಕೊಂಡ. ಬ್ಲಾಕ್‌ನ ನಾರ್ಮನ್ ಬೇಟ್ಸ್ ನಡುವಯಸ್ಸಿನ, ದಪ್ಪ ಮೈಯ, ಕುಡಿಯುವ ಮನುಷ್ಯ, ಕಂಡಕೂಡಲೇ ಅನುಮಾನ ಬರುವಂಥವನು. ಹಿಚ್‌ಕಾಕ್ ಆ ಪಾತ್ರಕ್ಕೆ ತೆಳ್ಳಗಿನ, ನಾಚಿಕೆಯ, ತಾಯಂದಿರಿಗೆ ಇಷ್ಟವಾಗುವಂಥ ಆಂಥನಿ ಪರ್ಕಿನ್ಸ್‌ನನ್ನು ತಂದ. ನಟನ ಆಯ್ಕೆಯೊಂದರಲ್ಲೇ ಕತೆಯ ಅರ್ಥ ಬದಲಾಯಿತು. ಭಯ ಹೊರಗಿನಿಂದ ಬರುವುದನ್ನು ಬಿಟ್ಟು ನಮ್ಮ ಅಕ್ಕರೆಯೊಳಗಿನಿಂದಲೇ ಬರತೊಡಗಿತು.

ಈ ಅಳತೆಯಲ್ಲಿ ನಮ್ಮ ಸಿನಿಮಾಗಳನ್ನು ನೋಡಿದರೆ ಹಲವು ಕಗ್ಗಂಟು ಸಡಿಲವಾಗುತ್ತವೆ. ಪಟ್ಟಾಭಿರಾಮರೆಡ್ಡಿಯವರ 'ಸಂಸ್ಕಾರ' (1970) ಕನ್ನಡ ಸಿನಿಮಾದ ದಿಕ್ಕು ತಿರುಗಿಸಿತು, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ನಾರಣಪ್ಪನಾಗಿ ಲಂಕೇಶರು ಮರೆಯುವಂಥವರಲ್ಲ. ಆದರೂ ಅದು ಅನಂತಮೂರ್ತಿಯವರ ಕಾದಂಬರಿಯನ್ನು ಮೀರಿಲ್ಲ. ಪ್ರಾಣೇಶಾಚಾರ್ಯರ ನಿಜವಾದ ಪ್ರಯಾಣ ನಡೆಯುವುದು ಅವರ ತಲೆಯೊಳಗೆ. ಕ್ಯಾಮೆರಾ ಗಿರೀಶ ಕಾರ್ನಾಡರ ಮುಖದ ಮುಂದೆ ಎಷ್ಟು ಹೊತ್ತು ನಿಂತರೂ ಬಾಗಿಲಾಚೆಗೇ ಉಳಿಯುತ್ತದೆ. ಕಾರ್ನಾಡರೇ 1999ರಲ್ಲಿ 'ಕಾನೂರು ಹೆಗ್ಗಡಿತಿ'ಯನ್ನು ತೆರೆಗೆ ತಂದಾಗ ಕಾಡು ಬಂತು, ಮನೆ ಬಂತು, ಹೆಗ್ಗಡಿತಿಯ ಹಟವೂ ಬಂತು. ಕುವೆಂಪು ಅವರ ಗದ್ಯದಲ್ಲಿ ನಾಯಿಗೂ ಮಳೆಗೂ ಮನುಷ್ಯರಷ್ಟೇ ಜಾಗವಿದೆಯಲ್ಲ, ಆ ಹರಹು ಬರಲಿಲ್ಲ. ಅದನ್ನು ಯಾರ ತಪ್ಪೆಂದೂ ಹೇಳಲಾಗದು.

'ನಾಗರಹಾವು' (1972) ಇವೆರಡಕ್ಕಿಂತ ಜಟಿಲ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಸಿನಿಮಾಕ್ಕೆ ಅಡಕಿದರು. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ನೊಂದುಕೊಂಡರೆಂಬ ಕತೆ ಇಂದಿಗೂ ಜನರ ಬಾಯಲ್ಲಿದೆ. ಆ ಸಿಟ್ಟು ಅರ್ಧ ನ್ಯಾಯ ಎನ್ನಬೇಕು. ಚಿತ್ರದುರ್ಗದ ಬಂಡೆಗಳನ್ನು ತಾವೇ ಒಂದು ಪಾತ್ರವೆಂಬಂತೆ ನಿಲ್ಲಿಸಿದ್ದು, ಚಾಮಯ್ಯ ಮೇಷ್ಟರ ಅಕ್ಕರೆ ರಾಮಾಚಾರಿಯನ್ನು ಉಳಿಸುತ್ತಲೇ ಅವನ ಪ್ರೀತಿಯನ್ನು ಕೊಲ್ಲುವುದನ್ನು ಅಶ್ವತ್ಥರ ಕಣ್ಣಲ್ಲಿ ತೋರಿಸಿದ್ದು, ಇವು ಪುಟ್ಟಣ್ಣನವರ ಗೆಲುವು. ಆದರೆ ರಾಮಾಚಾರಿಯ ಸಿಟ್ಟು? ತೆರೆಯ ಮೇಲೆ ಅದಕ್ಕೊಂದು ಠೀವಿ ಬಂದುಬಿಟ್ಟಿತು, ಹುಡುಗರು ಅನುಕರಿಸುವಷ್ಟು ಚೆಲುವು ಬಂದುಬಿಟ್ಟಿತು. ಠೀವಿಯ ಸಿಟ್ಟು ಯಾರನ್ನೂ ಕಚ್ಚುವುದಿಲ್ಲ. ಕೇರೆಹಾವೆಂದರೆ ಇದೇ ಇರಬೇಕು.

ಇಲ್ಲಿ ನಾವು ಸಾಮಾನ್ಯವಾಗಿ ಬೆರೆಸಿಬಿಡುವ ಎರಡು ಸಂಗತಿಗಳಿವೆ. ಸಿನಿಮಾ ಪುಸ್ತಕವನ್ನು ಮೀರುವುದು ಒಂದು. ಪುಸ್ತಕದ ಜಾಗವನ್ನು ಆಕ್ರಮಿಸುವುದು ಇನ್ನೊಂದು. ಇವತ್ತು 'ನಾಗರಹಾವು' ಕಾದಂಬರಿ ತೆರೆದವರಿಗೆ ಮೊದಲ ಪುಟದಿಂದಲೇ ರಾಮಾಚಾರಿಯಾಗಿ ನಟಿಸಿದ ವಿಷ್ಣುವರ್ಧನ್ ಮುಖ ಎದುರು ನಿಲ್ಲುತ್ತದೆ. ತ.ರಾ.ಸು. ಬರೆದ ಹುಡುಗ ಅದರ ಹಿಂದೆ ಎಲ್ಲೋ ಉಳಿಯುತ್ತಾನೆ. ಇದು ಸಿನಿಮಾದ ಶ್ರೇಷ್ಠತೆಗೆ ಪುರಾವೆಯಲ್ಲ. ಮುಖಕ್ಕೆ, ಹಾಡಿಗೆ ಇರುವ ಬಲ ಅದು, ಸಾಧಾರಣ ಸಿನಿಮಾಕ್ಕೂ ಆ ಬಲ ಪುಕ್ಕಟೆಯಾಗಿ ಸಿಗುತ್ತದೆ. ಸಿನಿಮಾ ಹೆಚ್ಚು ಜನಕ್ಕೆ ತಲುಪಿದೆ, ಆದ್ದರಿಂದ ಅದೇ ಮೇಲು ಎನ್ನುವ ವಾದ ಇಲ್ಲಿಯೇ ಜಾರಿ ಬೀಳುವುದು.

ನನ್ನ ಎಣಿಕೆಗೂ ಒಂದು ತೊಡಕಿದೆ. ಅದರ ಹೆಸರು 'ಚಾರುಲತಾ'. ಟಾಗೋರರ 'ನಷ್ಟನೀಡ' (1901) ವಾಕ್ಯದಲ್ಲೇ ಉಸಿರಾಡುವ ಕೃತಿ. ನಿಯಮದ ಪ್ರಕಾರ ಸತ್ಯಜಿತ್ ರೇ 1964ರಲ್ಲಿ ಸೋಲಬೇಕಿತ್ತು. ಅವರು ಏನು ಮಾಡಿದರು ನೋಡಿ. ಸಿರಿವಂತರ ಮನೆಯ ಹೆಂಡತಿಯ ಒಂಟಿತನವನ್ನು ಟಾಗೋರರು ಹೇಳಿದಂತೆ ಹೇಳಲು ಹೋಗಲಿಲ್ಲ. ಚಾರು ಕರವಸ್ತ್ರದ ಮೇಲೆ ಗಂಡನ ಹೆಸರಿನ ಅಕ್ಷರ ಕಸೂತಿ ಮಾಡುತ್ತಾಳೆ, ಕಪಾಟಿನಿಂದ ಪುಸ್ತಕ ತೆಗೆದು ಇಡುತ್ತಾಳೆ, ಬೀದಿಯಲ್ಲಿ ಕೋತಿಯಾಡಿಸುವವನ ಡೋಲು ಕೇಳಿ ಪುಟ್ಟ ದುರ್ಬೀನು ಹಿಡಿದು ಓಡುತ್ತಾಳೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುತ್ತ, ಸರಳುಪಟ್ಟಿಗಳ ಸಂದಿಯಿಂದ ಪಲ್ಲಕ್ಕಿಯನ್ನೂ ಕೊಡೆ ಹಿಡಿದ ದಪ್ಪ ಮನುಷ್ಯನನ್ನೂ ಹಿಂಬಾಲಿಸುತ್ತಾಳೆ. ಆಮೇಲೆ ಗಂಡ ಭೂಪತಿ ಪುಸ್ತಕದಲ್ಲಿ ಮುಳುಗಿ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳನ್ನು ಗಮನಿಸುವುದಿಲ್ಲ. ದೂರ ಸರಿಯುತ್ತಿರುವ ಅವನನ್ನೂ ಅವಳು ಅದೇ ದುರ್ಬೀನಿನಲ್ಲಿ ನೋಡುತ್ತಾಳೆ. ಹೆಚ್ಚುಕಡಿಮೆ ಮಾತೇ ಇಲ್ಲದ ನಿಮಿಷಗಳು. ಇದರಲ್ಲಿ ಒಂದು ಸಾಲೂ ಟಾಗೋರರದಲ್ಲ.

ಕೊನೆಯಲ್ಲೂ ಅಷ್ಟೆ. 'ನಷ್ಟನೀಡ'ದ ಭೂಪತಿ ಹೊರಡುವುದು ನಮ್ಮ ಮೈಸೂರಿಗೆ, ಪತ್ರಿಕೆಯ ಸಂಪಾದಕನಾಗಿ. ನನ್ನನ್ನೂ ಕರೆದುಕೊಂಡು ಹೋಗು ಎನ್ನುವ ಚಾರುಗೆ ಅವನು ಮೊದಲು ಆಗದು ಎನ್ನುತ್ತಾನೆ, ಆಮೇಲೆ ಬಾ ಎನ್ನುತ್ತಾನೆ. ಆಗ ಅವಳು ಬೇಡ, ಇರಲಿ ಎಂದುಬಿಡುತ್ತಾಳೆ. ರೇ ಅವರಲ್ಲಿ ಮೈಸೂರಿನ ದಾರಿಯಿಲ್ಲ. ಬಾಗಿಲಲ್ಲಿ ಇಬ್ಬರ ಕೈಗಳು ಒಂದನ್ನೊಂದು ತಲುಪುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಬಂಗಾಳದ ಟಾಗೋರ್ ಭಕ್ತರಿಗೆ ಇದು ಸಹಿಸದೆ ಟೀಕೆ ಬಂದಾಗ ರೇ ಪತ್ರಿಕೆಯಲ್ಲೇ ಒಂದೊಂದು ಬದಲಾವಣೆಗೂ ಕಾರಣ ಕೊಟ್ಟು ಬರೆದರು. ಮೀರಿದರೆ? ಇಲ್ಲ ಎನ್ನುತ್ತೇನೆ. ಚಾರು ಬಾಯಲ್ಲಿ ಬರುವ ಆ ನಿರಾಕರಣೆಯ ಗಟ್ಟಿತನಕ್ಕೆ ಸ್ತಬ್ಧ ಕೈಗಳು ಸಾಟಿಯಾಗುತ್ತವೆ, ಮೇಲಾಗುವುದಿಲ್ಲ. ದೊಡ್ಡ ಕೃತಿಯನ್ನು ಎತ್ತಿಕೊಂಡ ನಿರ್ದೇಶಕನಿಗೆ ಸಿಗಬಹುದಾದ ಅತಿದೊಡ್ಡ ಗೆಲುವೆಂದರೆ ಈ ಸರಿಸಮವೇ. ಅದೂ ಮೂಲದ ವಾಕ್ಯಗಳ ಬೆನ್ನು ಬಿದ್ದವನಿಗೆ ಸಿಗುವುದಲ್ಲ.

ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಇದನ್ನು ಇನ್ನೊಂದು ತುದಿಗೆ ಒಯ್ದಿತು. ವೈದೇಹಿಯವರ ಕತೆಯಲ್ಲಿ ಸಣ್ಣ ಊರಿಗೊಂದು ಟಾಕೀಸು ಬರುತ್ತದೆ, ಸೂಲಗಿತ್ತಿ ಲಿಲ್ಲಿಬಾಯಿ ಅಲ್ಲಿ ಗೇಟ್‌ಕೀಪರ್ ಆಗುತ್ತಾಳೆ, ಹೆಂಗಸರ ಬದುಕಿನಲ್ಲಿ ಸಣ್ಣ ಸಣ್ಣ ಅಲೆಗಳೇಳುತ್ತವೆ. ಸಿನಿಮಾದಲ್ಲಿ ಟಾಕೀಸಿನ ಜಾಗಕ್ಕೆ ಟಿವಿ ಬಂದಿದೆ. ಸೂಲಗಿತ್ತಿ ಗುಲಾಬಿ ಎಂಬ ಮುಸ್ಲಿಂ ಹೆಂಗಸಾಗಿದ್ದಾಳೆ, ಕಾಲ ಕಾರ್ಗಿಲ್ ಯುದ್ಧದ್ದು, ಜಾಗ ಕುಂದಾಪುರ ಕಡೆಯ ಮೀನುಗಾರರ ಕೇರಿ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಗುಲಾಬಿಯ ಮನೆಗೆ ಟಿವಿ ನೋಡಲು ಕೆಲವರು ಒಳಗೆ ಬರುತ್ತಾರೆ, ಕೆಲವರು ಅವಳು ಮುಸ್ಲಿಮಳೆಂದು ಹೊಸ್ತಿಲಾಚೆಯೇ ಉಳಿಯುತ್ತಾರೆ. ಕತೆಯಿಂದ ಉಳಿದದ್ದು ಒಂದು ಬೀಜ: ತೆರೆಯ ಮೇಲಿನ ಬಿಂಬ ಊರೊಂದರ ಸಂಬಂಧಗಳನ್ನು ಅಲುಗಿಸುತ್ತದೆ ಎಂಬುದು. ವೈದೇಹಿಯವರ ಕತೆಯಲ್ಲಿರುವ ತುಂಟ ನಗು ಕಾಸರವಳ್ಳಿಯವರಲ್ಲಿ ಇಲ್ಲ. ಕಾಸರವಳ್ಳಿಯವರ ಕೇರಿಯಲ್ಲಿ ತುಂಬಿರುವ ಹಗೆ ಕತೆಯಲ್ಲಿ ಇಲ್ಲ. ಇಲ್ಲಿ ಯಾರೂ ಯಾರನ್ನೂ ಮೀರಿಲ್ಲ, ಅಳಿಸಿಯೂ ಇಲ್ಲ. ನಮ್ಮ ಕೈಗೆ ಎರಡು ಕೃತಿಗಳು ಬಂದಿವೆ.

ಆದ್ದರಿಂದ ಕಾದಂಬರಿಯೊಂದು ಸಿನಿಮಾ ಆಗುತ್ತಿದೆ ಎಂದಾಗ ಎಷ್ಟು ನಿಷ್ಠವಾಗಿದೆ ಎಂದು ಕೇಳುವುದನ್ನು ಬಿಡೋಣ. ಪುಸ್ತಕ ಕೇಳದೆ ಬಿಟ್ಟ ಯಾವ ಪ್ರಶ್ನೆಯನ್ನು ಇದು ಕೇಳಿದೆ ಎಂದು ಕೇಳೋಣ. ನಿಮ್ಮ ಸಮಯದ ಉಳಿತಾಯಕ್ಕೆ ಒಂದು ಮಾತು: 'ಗಾಡ್‌ಫಾದರ್' ಸಿನಿಮಾ ನೋಡಿದ್ದರೆ ಕಾದಂಬರಿ ಓದದಿದ್ದರೂ ನಡೆಯುತ್ತದೆ. 'ಗುಲಾಬಿ ಟಾಕೀಸ್' ನೋಡಿದವರು ಮಾತ್ರ ವೈದೇಹಿಯವರ ಕತೆಯನ್ನು ತಪ್ಪದೆ ಓದಿ.