ಮುಚ್ಚಿಟ್ಟವರಿಗೆ ಎಷ್ಟು ಶಿಕ್ಷೆ?




ಹೀಗೊಂದು ಸಂದರ್ಭ ಎಂದಿಟ್ಟುಕೊಳ್ಳೋಣ. ಕೊಲೆ ಮಾಡಿದವನು ಮಗ. ಅವನ ರಕ್ತದ ಅಂಗಿ ಒಗೆದು, "ರಾತ್ರಿಯೆಲ್ಲಾ ಮನೆಯಲ್ಲೇ ಮಲಗಿದ್ದ" ಎಂದು ಪೊಲೀಸರಿಗೆ ಹೇಳಿದವಳು ತಾಯಿ. ಆಕೆಗೆ ಎಷ್ಟು ಶಿಕ್ಷೆ ಆಗಬೇಕು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಂ (ಹಿಂದಿನ ದಂಡ ಸಂಹಿತೆಯಲ್ಲಿ 201) ಇದಕ್ಕೆ ಅನ್ವಯಿಸುತ್ತದೆ. ಮುಚ್ಚಿಟ್ಟದ್ದು ಮರಣದಂಡನೆ ವಿಧಿಸಬಹುದಾದ ಅಪರಾಧವಾದರೆ 7 ವರ್ಷದವರೆಗೆ ಜೈಲು. ಜೀವಾವಧಿ ಅಥವಾ 10 ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ 3 ವರ್ಷದವರೆಗೆ. ಅಪರಾಧಿಗೆ ಆಶ್ರಯ ಕೊಟ್ಟ ಗಂಡ ಅಥವಾ ಹೆಂಡತಿಗೆ ಕಾನೂನಿನಲ್ಲಿ ವಿನಾಯಿತಿ ಇದೆ, ತಾಯಿಗೆ ಇಲ್ಲ. ಸಾಕ್ಷ್ಯ ನಾಶಕ್ಕಂತೂ ಯಾರಿಗೂ ವಿನಾಯಿತಿ ಇಲ್ಲ. ಆದರೆ ಕನಿಷ್ಠ ಇಷ್ಟು ಎಂಬ ಮಿತಿಯೂ ಇಲ್ಲ. ಆ 7 ವರ್ಷದೊಳಗೆ ಎಲ್ಲಿ ನಿಲ್ಲಬೇಕು ಎಂಬುದು ನ್ಯಾಯಾಧೀಶರ ವಿವೇಚನೆ.

ಕಾನೂನು ಹೀಗೆ ಮುಚ್ಚಿಟ್ಟ ಅಪರಾಧದ ಗಾತ್ರ ನೋಡುತ್ತದೆ. ವಿನಯ ಪಿಟಕ ಇನ್ನೊಂದನ್ನು ಎಣಿಸುತ್ತದೆ: ದಿನಗಳನ್ನು. ಸಂಘಾದಿಸೇಸ ಎಂಬ ಗಂಭೀರ ತಪ್ಪು ಮಾಡಿದ ಭಿಕ್ಖು ಅದನ್ನು ಎಷ್ಟು ದಿನ ಮುಚ್ಚಿಟ್ಟನೋ ಅಷ್ಟು ದಿನ ಪರಿವಾಸದಲ್ಲಿ ಇರಬೇಕು, ನಂತರ 6 ರಾತ್ರಿ ಮಾನತ್ತ. ಕೂಡಲೇ ಹೇಳಿಕೊಂಡವನಿಗೆ ಪರಿವಾಸವಿಲ್ಲ, ಮಾನತ್ತ ಮಾತ್ರ. ಬೇರೊಬ್ಬ ಭಿಕ್ಖುವಿನ ಗಂಭೀರ ತಪ್ಪನ್ನು ತಿಳಿದೂ ಮುಚ್ಚಿಡುವುದು ಪಾಚಿತ್ತಿಯ. ಆದರೆ ಹೇಳಿದರೆ ಆ ಕ್ರೂರಿ ಪ್ರಾಣಕ್ಕೇ ಎರವಾದಾನು ಎಂದು ಸುಮ್ಮನಿದ್ದವನಿಗೆ ದೋಷವಿಲ್ಲ.

ಇವು ಭಿಕ್ಖುಗಳ ನಿಯಮಗಳು, ಕೊಲೆ ಪ್ರಕರಣಕ್ಕೆ ಹಾಗೇ ಹಚ್ಚಲಾಗದು. ಆದರೂ ಇಲ್ಲಿಂದ ಕಲಿಯುವುದು ಇದೆ ಎಂದು ನನಗನಿಸುತ್ತದೆ. ಮುಚ್ಚಿಡುವ ಕೆಲಸ ಅಂಗಿ ಒಗೆದ ರಾತ್ರಿಗೇ ಮುಗಿಯುವುದಿಲ್ಲ. ಪ್ರತಿ ಬೆಳಿಗ್ಗೆ ಬಾಯಿ ಬಿಡುವ ಅವಕಾಶ ಇರುತ್ತದೆ. ಬೇಡ ಎಂದುಕೊಂಡ ಪ್ರತಿ ಬೆಳಗೂ ಹೊಸ ಚೇತನ, ಹೊಸ ಕಮ್ಮ.

"ಹೆತ್ತ ಕರುಳು, ಅವಳಿಗೇಕೆ ಶಿಕ್ಷೆ?" ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸತ್ತವನಿಗೂ ಒಬ್ಬ ತಾಯಿ ಇದ್ದಾಳೆ. ತನ್ನ ಮಗನನ್ನು ಕೊಂದವರು ಯಾರೆಂದು ತಿಳಿಯದೆ ಆಕೆ ಠಾಣೆಗೆ ಅಲೆಯುತ್ತಿದ್ದಾಳೆ. ಸಂಶಯದ ಮೇಲೆ ನಿರಪರಾಧಿಯೊಬ್ಬ ಜೈಲಿನಲ್ಲಿ ಇರಲೂಬಹುದು. ನಮ್ಮ ಮನೆಯ ಹೊಸ್ತಿಲಲ್ಲೇ ನಿಂತುಬಿಡುವ ಪ್ರೀತಿ ಮೆತ್ತ ಆಗುವುದಿಲ್ಲ. ಹಾಗಾಗಿ ಕರುಳಿನ ಪ್ರೀತಿ ಶಿಕ್ಷೆಯನ್ನು ಕಡಿಮೆ ಮಾಡಲಿ, ಇಲ್ಲವಾಗಿಸುವುದು ಬೇಡ.

ಶಿಕ್ಷೆ ಅಳೆಯುವಾಗ ಮೂರು ಪ್ರಶ್ನೆ ಕೇಳಬೇಕು. ಮುಚ್ಚಿಟ್ಟದ್ದು ಭಯಕ್ಕೋ, ಮಮತೆಗೋ, ಹಣಕ್ಕೋ? ಎಷ್ಟು ದಿನ? ಆ ಮೌನದಿಂದ ಯಾರು ನೊಂದರು? ಎರಡನೇ ದಿನವೇ ತಾನಾಗಿ ಬಂದು ಹೇಳಿದವಳಿಗೂ ಮೂರು ವರ್ಷ ಕಳೆದು ಸಿಕ್ಕಿಬಿದ್ದವಳಿಗೂ ಒಂದೇ ಶಿಕ್ಷೆಯಾದರೆ, ಎರಡನೇ ದಿನ ಬಾಯಿ ಬಿಡಲು ಯಾರಿಗೆ ಧೈರ್ಯ ಬಂದೀತು? ಸತ್ಯ ಹೇಳಲು ಬಾಗಿಲು ತೆರೆದಿಡುವ ಶಿಕ್ಷೆಯೇ ಕರುಣೆಯುಳ್ಳ ಶಿಕ್ಷೆ.

ಇಂದು ಧ್ಯಾನಕ್ಕೆ ಕೂತಾಗ ಇಷ್ಟು ಯೋಚಿಸೋಣ: ನನಗೆ ತಿಳಿದೂ ನಾನು ಹೇಳದಿರುವ ಯಾವ ಮಾತಿಗಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ?

ಎಲ್ಲರಿಗೂ ಮಂಗಳವಾಗಲಿ 🙏